ಫ್ಲೆಮಿಶ್ ಚಿತ್ರಗಳಲ್ಲಿ ರೈತರ ಮದುವೆ, ಕುಣಿತ, ಜಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಹಳೆಯ ಚಿತ್ರಗಳು ಅಂದ ಕೂಡಲೇ ರಾಜರು, ಏಸು, ಮೇರಿ, ದೇವದೂತರು ನೆನಪಾಗುತ್ತಾರೆ. ಆದರೆ 16 ಮತ್ತು 17ನೇ ಶತಮಾನದಲ್ಲಿ, ಈಗ ಬೆಲ್ಜಿಯಂ ಇರುವ ಕಡೆ, ಕೆಲವು ಚಿತ್ರಕಾರರು ಹಳ್ಳಿಯ ಮದುವೆ ಊಟ, ಬೀದಿ ಕುಣಿತ, ಬೀರು ಕುಡಿದು ಬೆಂಚಿಗೆ ಒರಗಿದವರು, ಇವರನ್ನೆಲ್ಲ ದೊಡ್ಡ ಹಲಗೆಗಳ ಮೇಲೆ ಬರೆದರು. ಮೊದಲ ಸಲ ಇವನ್ನು ನೋಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಫ್ಲೆಮಿಶ್ ಅಂದರೆ ಯಾವ ಕಡೆಯವರು?

ಫ್ಲಾಂಡರ್ಸ್ ಕಡೆಯವರು. ಆಗ ಬೆಲ್ಜಿಯಂ ಅನ್ನುವ ದೇಶ ಇರಲಿಲ್ಲ. ಫ್ಲಾಂಡರ್ಸ್, ಬ್ರಬಾಂಟ್ ಮುಂತಾದ ಸೀಮೆಗಳೆಲ್ಲ ಹ್ಯಾಬ್ಸ್‌ಬರ್ಗ್ ಅರಸರ ಕೈಯಲ್ಲಿದ್ದವು. ಈ ಚಿತ್ರಗಳ ಮುಖ್ಯ ಊರುಗಳಾದ ಆಂಟ್ವರ್ಪ್ ಮತ್ತು ಬ್ರಸೆಲ್ಸ್ ಇರುವುದು ಬ್ರಬಾಂಟ್‌ನಲ್ಲಿ. ಆದರೂ ರೂಢಿಯಲ್ಲಿ ಎಲ್ಲವನ್ನೂ ಫ್ಲೆಮಿಶ್ ಚಿತ್ರ ಅನ್ನುತ್ತಾರೆ.

ಇವುಗಳಲ್ಲಿ ಯಾವ ಹಬ್ಬ ಇರುತ್ತದೆ?

ಮುಖ್ಯವಾಗಿ ಎರಡು. ಒಂದು ಮದುವೆ. ಇನ್ನೊಂದು ಕೆರ್ಮಿಸ್, ಅಂದರೆ ಊರಿನ ಚರ್ಚಿನ ಹೆಸರಲ್ಲಿ ವರ್ಷಕ್ಕೊಮ್ಮೆ ನಡೆಯುವ ಹಬ್ಬ. ನಮ್ಮ ಊರ ಜಾತ್ರೆ ಅಂದುಕೊಂಡರೆ ಬೇಗ ಅರ್ಥವಾಗುತ್ತದೆ: ಬೆಳಗ್ಗೆ ಪೂಜೆ, ಮೆರವಣಿಗೆ, ಮಧ್ಯಾಹ್ನ ಅಂಗಡಿಸಾಲು, ಆಟ, ಸಂಜೆಗೆ ಕುಡಿತ, ಕುಣಿತ, ಕೆಲವೊಮ್ಮೆ ಹೊಡೆದಾಟ. ಹೆಂಡದ ಮನೆಯ ಮುಂದೆ ಸಂತನ ಬಾವುಟ ಕಟ್ಟಿರುತ್ತಾರೆ. ಬ್ಯಾಗ್‌ಪೈಪ್ (ಗಾಳಿ ತುಂಬಿದ ಚರ್ಮದ ಚೀಲವನ್ನು ಒತ್ತಿ ನುಡಿಸುವ ವಾದ್ಯ) ಊದುವವನು ಇದ್ದೇ ಇರುತ್ತಾನೆ. ಬಿಲ್ಲು ಹಿಡಿದವರು ಗುರಿ ಹೊಡೆಯುತ್ತಿರುತ್ತಾರೆ, ಹಲಗೆ ಮೇಲೆ ನಾಟಕ ನಡೆಯುತ್ತಿರುತ್ತದೆ.

ಎಲ್ಲರೂ ಹೇಳುವ ಬ್ರೂಗೆಲ್ ಯಾರು? ಅವನೂ ರೈತನಾ?

ಪೀಟರ್ ಬ್ರೂಗೆಲ್ ಹುಟ್ಟಿದ್ದು ಸುಮಾರು 1525 ಮತ್ತು 1530ರ ನಡುವೆ. 1551ರಲ್ಲಿ ಆಂಟ್ವರ್ಪ್‌ನ ಚಿತ್ರಕಾರರ ಸಂಘಕ್ಕೆ ಸೇರಿದ. ಇಟಲಿಗೆ ಹೋಗಿ ಬಂದ. ಹಿರೋನಿಮಸ್ ಕಾಕ್ ಅನ್ನುವ ಮುದ್ರಕನಿಗೆ ಅಚ್ಚು ಹಾಕಲು ಚಿತ್ರ ಬರೆದುಕೊಟ್ಟ. 1563ರಲ್ಲಿ ಮೇಕನ್ ಕೂಕೆಯನ್ನು ಮದುವೆಯಾಗಿ ಬ್ರಸೆಲ್ಸ್‌ಗೆ ಹೋದ. 1569ರಲ್ಲಿ ತೀರಿಕೊಂಡ. ಉಳಿದಿರುವ ಬಣ್ಣದ ಚಿತ್ರಗಳು ಸುಮಾರು 40 ಅಷ್ಟೇ.

ಅವನು ರೈತನ ಮಗ ಅನ್ನುವ ಮಾತು ಕಾರೆಲ್ ವಾನ್ ಮಾಂಡರ್ 1604ರಲ್ಲಿ ಅಚ್ಚು ಮಾಡಿಸಿದ ಚಿತ್ರಕಾರರ ಜೀವನಕಥೆಗಳಿಂದ ಬಂದದ್ದು. ಅದರಲ್ಲೇ ಇನ್ನೊಂದು ಸೊಗಸಾದ ಕತೆ ಇದೆ. ಬ್ರೂಗೆಲ್ ತನ್ನ ಗೆಳೆಯ, ವ್ಯಾಪಾರಿ ಹಾನ್ಸ್ ಫ್ರಾಂಕರ್ಟ್ ಜೊತೆ ರೈತರ ಬಟ್ಟೆ ಹಾಕಿಕೊಂಡು ಹಳ್ಳಿ ಮದುವೆಗಳಿಗೆ ಹೋಗುತ್ತಿದ್ದನಂತೆ, ಮುಯ್ಯಿ ಕೊಟ್ಟು, ಗಂಡಿನ ಕಡೆಯವರು ಅಥವಾ ಹೆಣ್ಣಿನ ಕಡೆಯವರು ಅಂತ ಹೇಳಿಕೊಂಡು ಊಟಕ್ಕೆ ಕೂತು, ಎಲ್ಲರೂ ಹೇಗೆ ತಿನ್ನುತ್ತಾರೆ, ಕುಣಿಯುತ್ತಾರೆ ಅಂತ ನೋಡುತ್ತಿದ್ದನಂತೆ. ಚಿತ್ರಕಾರ ಸತ್ತು 35 ವರ್ಷ ಆದ ಮೇಲೆ ಬರೆದ ಕತೆ ಇದು. ಪೂರ್ತಿ ನಂಬಬೇಕಾಗಿಲ್ಲ. ಬ್ರೂಗೆಲ್ ಹಳ್ಳಿಯಲ್ಲಿ ಬೆಳೆದ ರೈತ ಅನ್ನುವುದನ್ನು ಇತಿಹಾಸಕಾರರು ಬಹಳ ಹಿಂದೆಯೇ ಬಿಟ್ಟಿದ್ದಾರೆ. ಅವನ ಒಡನಾಟ ಇದ್ದದ್ದು ಓದಿದವರು, ವ್ಯಾಪಾರಿಗಳು, ಮುದ್ರಕರ ಜೊತೆ. ಆದರೆ ಹತ್ತಿರ ನಿಂತು ನೋಡಿದ್ದು ಮಾತ್ರ ನಿಜ. ಬೆಂಚಿನ ಮೇಲೆ ಕೂತವನ ಸೊಂಟ ಹೇಗೆ ತಿರುಗುತ್ತದೆ, ಭಾರ ಹೊತ್ತವನ ಮಂಡಿ ಹೇಗೆ ಬಾಗುತ್ತದೆ ಅನ್ನುವುದನ್ನು ಮನೆಯಲ್ಲಿ ಕೂತು ಊಹಿಸಿ ಬರೆಯಲಾಗುವುದಿಲ್ಲ.

ಅವನಿಗಿಂತ ಮೊದಲು ಯಾರೂ ರೈತರನ್ನು ಬರೆದಿರಲಿಲ್ಲವಾ?

ಬರೆದಿದ್ದರು. ಜರ್ಮನಿಯ ನ್ಯೂರೆಂಬರ್ಗ್‌ನವನಾದ ಸೆಬಾಲ್ಡ್ ಬೇಹಮ್ 1530ರ ದಶಕದಲ್ಲೇ ಕೆರ್ಮಿಸ್‌ನ ದೊಡ್ಡ ಮರದಚ್ಚು ಮಾಡಿದ್ದ. ಪೀಟರ್ ಆರ್ಟ್ಸನ್ 1550ರ ಸುಮಾರಿಗೆ ರೈತರ ಔತಣ ಬರೆದ. ಅವನ 'ಮೊಟ್ಟೆ ಕುಣಿತ' 1552ರದ್ದು, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಆದರೆ ಹಿಂದೆ ಗುಂಪಿನಲ್ಲಿ ಸಣ್ಣಗೆ ಕಾಣುತ್ತಿದ್ದ ರೈತರನ್ನು ಮುಂದಕ್ಕೆ ತಂದು, ಸಂತರಿಗೆ, ರಾಜರಿಗೆ ಕೊಡುವಷ್ಟು ಜಾಗ ಕೊಟ್ಟವರಲ್ಲಿ ಬ್ರೂಗೆಲ್‌ನಷ್ಟು ದೂರ ಹೋದವರು ಇನ್ನೊಬ್ಬರಿಲ್ಲ.

'ರೈತರ ಮದುವೆ' ಚಿತ್ರದಲ್ಲಿ ಏನು ನೋಡಬೇಕು?

ಒಂದೇ ಚಿತ್ರ ನೋಡಲು ಸಮಯ ಇದ್ದರೆ ಇದನ್ನೇ ನೋಡಿ. ಸುಮಾರು 1567-68ರದ್ದು. ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿದೆ. ಅಳತೆ 114 × 164 ಸೆಂಟಿಮೀಟರ್.

ಮದುವೆ ನಡೆಯುತ್ತಿರುವುದು ಚೌಲ್ಟ್ರಿಯಲ್ಲಲ್ಲ, ಧಾನ್ಯ ಕೂಡಿಡುವ ಕೊಟ್ಟಿಗೆಯಲ್ಲಿ. ಹಿಂದೆ ಗೋಡೆ ಥರ ಕಾಣುವುದು ನಿಜವಾಗಿ ಒಟ್ಟಿದ ಬೆಳೆ. ಅದಕ್ಕೆ ಹುಲ್ಲು ಬಾಚುವ ಕೋಲನ್ನು ಚುಚ್ಚಿ ಎರಡು ಸಿವುಡು ತೂಗುಹಾಕಿದ್ದಾರೆ. ಕೊಯ್ಲು ಮುಗಿದಿದೆ, ಕಣಜ ತುಂಬಿದೆ, ಈಗ ಮದುವೆ. ಇಷ್ಟನ್ನು ಆ ಎರಡು ಸಿವುಡುಗಳೇ ಹೇಳಿಬಿಡುತ್ತವೆ.

ಉದ್ದನೆಯ ಮೇಜು ಓರೆಯಾಗಿ ಒಳಗೆ ಹೋಗುತ್ತದೆ. ಮೇಜಿನ ಆಚೆ, ಹಸಿರು ಬಟ್ಟೆ ಇಳಿಬಿಟ್ಟಿರುವ ಕಡೆ ಮದುಮಗಳು ಕೂತಿದ್ದಾಳೆ. ತಲೆ ಮೇಲೆ ಕಾಗದದ ಕಿರೀಟ ತೂಗುತ್ತಿದೆ. ಕೈ ಜೋಡಿಸಿಕೊಂಡಿದ್ದಾಳೆ, ಕಣ್ಣು ಅರ್ಧ ಮುಚ್ಚಿದೆ. ಮದುಮಗಳು ತಿನ್ನಬಾರದು, ಮಾತಾಡಬಾರದು ಅನ್ನುವ ಪದ್ಧತಿ ಇತ್ತು ಅನ್ನುತ್ತಾರೆ. ಇಡೀ ಗದ್ದಲದಲ್ಲಿ ಸುಮ್ಮನಿರುವವಳು ಇವಳೊಬ್ಬಳೇ.

ಮುಂದೆ ಇಬ್ಬರು ಗಂಜಿಯಂಥ ಊಟದ ತಟ್ಟೆಗಳನ್ನು ಹೊತ್ತು ತರುತ್ತಿದ್ದಾರೆ. ಹೊತ್ತಿರುವುದು ಬಾಗಿಲನ್ನು! ಕೀಲಿನಿಂದ ಕಳಚಿದ ಬಾಗಿಲನ್ನೇ ತಟ್ಟೆ ಹೊರುವ ಹಲಗೆ ಮಾಡಿಕೊಂಡಿದ್ದಾರೆ. ಒಬ್ಬನ ಟೋಪಿಯಲ್ಲಿ ಚಮಚ ಸಿಕ್ಕಿಸಿದೆ, ಆಗೆಲ್ಲ ಊಟಕ್ಕೆ ಹೋಗುವವರು ಚಮಚ ತಾವೇ ತರುತ್ತಿದ್ದರು. ಎಡಕ್ಕೆ ಒಬ್ಬ ಹೂಜಿಗಳಿಗೆ ಬೀರು ಸುರಿಯುತ್ತಿದ್ದಾನೆ. ಅವನ ಹತ್ತಿರ ನೆಲದ ಮೇಲೆ ಒಂದು ಮಗು, ತನ್ನ ತಲೆಗಿಂತ ದೊಡ್ಡ ಕೆಂಪು ಟೋಪಿ, ಅದಕ್ಕೆ ನವಿಲುಗರಿ, ತಟ್ಟೆ ಬಳಿದು ಬೆರಳು ಚೀಪುತ್ತಿದೆ. ಹಿಂದೆ ಬಾಗಿಲಲ್ಲಿ ಒಳಗೆ ಬರಲು ಜನ ನೂಕಾಡುತ್ತಿದ್ದಾರೆ.

ಆಮೇಲೆ ಬ್ಯಾಗ್‌ಪೈಪ್‌ನವರು. ಇಬ್ಬರಿದ್ದಾರೆ. ಅವರಲ್ಲೊಬ್ಬ ಊದುವುದನ್ನು ಬಿಟ್ಟು ಊಟದ ಕಡೆ ನೋಡುತ್ತಿದ್ದಾನೆ. ಇಡೀ ಚಿತ್ರದಲ್ಲಿ ನನಗೆ ತುಂಬಾ ಹತ್ತಿರವಾದ ಮುಖ ಇದೇ. ಬೇರೆಯವರ ಹಬ್ಬಕ್ಕೆ ಕೆಲಸಕ್ಕೆ ಬಂದವನ ಹಸಿವು ಅದು. ಬಡಿಸುವವರು, ಊದುವವರು, ಸುರಿಯುವವರು, ಇವರನ್ನೆಲ್ಲ ಬ್ರೂಗೆಲ್ ಕೂತು ತಿನ್ನುವವರಿಗಿಂತ ದೊಡ್ಡದಾಗಿ, ಮುಂದೆ ತಂದು ಬರೆದಿದ್ದಾನೆ. ಹಬ್ಬದ ಚಿತ್ರದಲ್ಲಿ ಕೆಲಸ ಮಾಡುವವರಿಗೇ ಮೊದಲ ಸಾಲು ಸಿಕ್ಕಿದೆ.

ಮದುಮಗ ಎಲ್ಲಿ?

ಇದು ಎಲ್ಲರೂ ಕೇಳುವ ಪ್ರಶ್ನೆ. ಖಚಿತವಾಗಿ ಇವನೇ ಅಂತ ತೋರಿಸುವ ಗುರುತು ಚಿತ್ರದಲ್ಲಿಲ್ಲ. ಮದುವೆ ದಿನ ಗಂಡು ನೆಂಟರಿಗೆ ಬಡಿಸಬೇಕು ಅನ್ನುವ ಪದ್ಧತಿ ಹಿಡಿದು, ಬೀರು ಸುರಿಯುವವನೇ ಗಂಡು ಅಂತ ಕೆಲವರು, ಬಾಗಿಲ ಮೇಲಿಂದ ತಟ್ಟೆ ತೆಗೆದು ಮೇಜಿಗೆ ಇಡುತ್ತಿರುವವನು ಅಂತ ಇನ್ನು ಕೆಲವರು ಹೇಳುತ್ತಾರೆ. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ.

ತಟ್ಟೆ ಹೊತ್ತವರ ಕೆಳಗೆ ಒಂದು ಕಾಲು ಜಾಸ್ತಿ ಇದೆಯಲ್ಲ?

ಹೌದು, ಹಾಗೆ ಕಾಣುತ್ತದೆ. ಆ ಕಾಲು ಮೇಜಿನ ತುದಿಯಲ್ಲಿ ಕೂತು ತಟ್ಟೆ ದಾಟಿಸುತ್ತಿರುವವನದು ಅಂತ ಹೇಳುವುದುಂಟು. ಚಿತ್ರದ ಕೆಳಗಿನ ಪಟ್ಟಿ ಆಮೇಲೆ ಸೇರಿಸಿದ್ದು ಅನ್ನುವುದನ್ನೂ ನೆನಪಿಡಿ. ಇದರ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ, ನೋಡಲು ಇನ್ನೂ ಬೇಕಾದಷ್ಟಿದೆ.

ಬಲಗಡೆ ತುದಿಯಲ್ಲಿ ಕತ್ತಿ ಕಟ್ಟಿಕೊಂಡು ಕೂತಿರುವವನು ಬ್ರೂಗೆಲ್‌ನಾ?

ಹಾಗಂತ ಒಂದು ಮಾತಿದೆ, ಆಧಾರ ಇಲ್ಲ. ಬಟ್ಟೆ, ಕತ್ತಿ ನೋಡಿದರೆ ಊರಿನ ಒಡೆಯ ಅಥವಾ ನಗರದ ಸಾಹುಕಾರ. ಪಕ್ಕದಲ್ಲಿ ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿ ಒಬ್ಬ ಅವನ ಜೊತೆ ಮಾತಾಡುತ್ತಿದ್ದಾನೆ.

'ರೈತರ ಕುಣಿತ' ಇದರ ಜೋಡಿ ಚಿತ್ರನಾ?

ಅಳತೆ ಒಂದೇ, ಕಾಲ ಹತ್ತಿರ, ಎರಡೂ ವಿಯೆನ್ನಾದಲ್ಲೇ ಇವೆ. ಜೋಡಿಯಾಗಿಯೇ ಬರೆದದ್ದು ಅನ್ನಲು ಸಾಕ್ಷಿ ಇಲ್ಲ. ಇದರಲ್ಲಿ ಇರುವುದು ಕೆರ್ಮಿಸ್. ಬಲಗಡೆಯಿಂದ ಒಬ್ಬ ಹೆಂಗಸೊಬ್ಬಳ ಕೈ ಹಿಡಿದು ಎಳೆದುಕೊಂಡು ಓಡಿ ಬರುತ್ತಿದ್ದಾನೆ. ಅವನ ಹೆಜ್ಜೆಯ ವೇಗಕ್ಕೆ ಇಡೀ ಚಿತ್ರ ಅಲುಗಾಡುತ್ತದೆ. ಎಡಗಡೆ ಮೇಜಿನ ಹತ್ತಿರ ಜೋಡಿಯೊಂದು ಮುತ್ತಿಡುತ್ತಿದೆ, ಕುಡಿದವರು ಕೈ ಚಾಚಿ ಏನೋ ವಾದ ಮಾಡುತ್ತಿದ್ದಾರೆ. ದೊಡ್ಡವರು ಕುಣಿಯುವುದನ್ನು ನೋಡಿ ಪುಟ್ಟ ಹುಡುಗಿಯರಿಬ್ಬರು ತಾವೂ ಕುಣಿಯುತ್ತಿದ್ದಾರೆ.

ಹಿಂದೆ ಚರ್ಚ್ ಇದೆ. ಮರಕ್ಕೆ ಮೇರಿಯ ಚಿತ್ರ ತಗುಲಿಹಾಕಿದೆ. ಯಾರೂ ಅತ್ತ ನೋಡುತ್ತಿಲ್ಲ. ಸಂತನ ಹೆಸರಿನ ಹಬ್ಬದಲ್ಲಿ ಸಂತನನ್ನೇ ಮರೆತಿದ್ದಾರೆ ಅಂತ ಬೈಯಲು ಬರೆದ ಚಿತ್ರ ಇದು ಅಂತ ವಾದಿಸುವವರು ಇದನ್ನೇ ತೋರಿಸುತ್ತಾರೆ.

ಹಾಗಾದರೆ ಹಳ್ಳಿಯವರನ್ನು ಗೇಲಿ ಮಾಡಲು ಬರೆದದ್ದಾ?

ಎಲ್ಲ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದು. ವಿದ್ವಾಂಸರೂ ಇದರ ಮೇಲೆ ಜಗಳ ಆಡಿದ್ದಾರೆ. 1970ರ ದಶಕದಲ್ಲಿ ಕಲಾ ಇತಿಹಾಸಕಾರ್ತಿ ಸ್ವೆಟ್ಲಾನಾ ಆಲ್ಪರ್ಸ್, ಇವು ನಗೆಯ, ಸಂಭ್ರಮದ ಚಿತ್ರಗಳು, ಹಬ್ಬವನ್ನು ಪ್ರೀತಿಯಿಂದ ನೋಡುತ್ತವೆ ಅಂದರು. ಹೆಸ್ಸೆಲ್ ಮೀಡೆಮಾ ಒಪ್ಪಲಿಲ್ಲ. ಹೊಟ್ಟೆಬಾಕತನ, ಕುಡಿತ, ಕಾಮ ಇವನ್ನು ತೋರಿಸಿ ನಗರದವರಿಗೆ ಬುದ್ಧಿ ಹೇಳುವ ಚಿತ್ರಗಳು ಇವು ಅಂದರು.

ಎರಡಕ್ಕೂ ಸಾಕ್ಷಿ ಇದೆ. ಬ್ರೂಗೆಲ್‌ನ ಕಾಲದ 'ಹೊಬೋಕನ್ ಕೆರ್ಮಿಸ್' ಅಚ್ಚುಚಿತ್ರದ ಕೆಳಗಿನ ಪದ್ಯ, ರೈತರು ಇಂಥ ಹಬ್ಬದಲ್ಲಿ ಪ್ರಾಣಿಗಳ ಹಾಗೆ ಕುಡಿಯುತ್ತಾರೆ ಅನ್ನುತ್ತದೆ. ಅವನದೇ ಚಿತ್ರದಿಂದ ಅಚ್ಚಾದ 'ಸಂತ ಜಾರ್ಜನ ಕೆರ್ಮಿಸ್'ನಲ್ಲಿ ಬಾವುಟದ ಮೇಲೆ 'ರೈತರು ತಮ್ಮ ಕೆರ್ಮಿಸ್ ಮಾಡಿಕೊಳ್ಳಲಿ ಬಿಡಿ' ಅಂತ ಬರೆದಿದೆ. ಆ ಬಾವುಟಕ್ಕೆ ಅರ್ಥ ಬರುವುದು ಆಳುವವರ ಕಟ್ಟಳೆಗಳನ್ನು ನೋಡಿದಾಗ. ಚಕ್ರವರ್ತಿ ಐದನೇ ಚಾರ್ಲ್ಸ್ 1531ರಲ್ಲೇ ಕೆರ್ಮಿಸ್ ಒಂದೇ ದಿನಕ್ಕೆ ಮುಗಿಯಬೇಕು ಅಂತ ಆಜ್ಞೆ ಹೊರಡಿಸಿದ್ದ. ಹಬ್ಬ ಮಾಡುವುದು ಬರೀ ಮೋಜಾಗಿರಲಿಲ್ಲ, ಮಾಡಲು ಬಿಡಬೇಕೋ ಬೇಡವೋ ಅನ್ನುವ ತಕರಾರಿನ ವಿಷಯವಾಗಿತ್ತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಇವು ನಗರದವರು ನಗರದವರಿಗಾಗಿ ಮಾಡಿಸಿದ ಚಿತ್ರಗಳು, ರೈತರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದಲ್ಲ. ಅದನ್ನು ಮರೆಯಬಾರದು. ಗೇಲಿ ಮಾಡಲೆಂದೇ ಬರೆದ ಚಿತ್ರಗಳೂ ಆಗ ತುಂಬಾ ಇದ್ದವು: ವಾಂತಿ ಮಾಡುವವರು, ಬೇಲಿ ಪಕ್ಕ ಚಡ್ಡಿ ಬಿಚ್ಚಿ ಕೂತವರು. ಅಂಥ ಚಿತ್ರಗಳಲ್ಲಿ ಎಲ್ಲರ ಮುಖ ಒಂದೇ. ಬ್ರೂಗೆಲ್‌ನ ಮದುವೆಯಲ್ಲಿ ಒಬ್ಬೊಬ್ಬರ ಮುಖ ಒಂದೊಂದು ಥರ, ಒಬ್ಬೊಬ್ಬರ ಹಸಿವು ಒಂದೊಂದು ಥರ. ಅಲ್ಲಿ ಕುಡಿದು ಬಿದ್ದವರಿಲ್ಲ, ಹೊಡೆದಾಡುವವರಿಲ್ಲ. ತಟ್ಟೆಯಲ್ಲಿರುವುದು ಗಂಜಿ, ಮಾಂಸದ ರಾಶಿ ಅಲ್ಲ. ವರ್ಷವಿಡೀ ದುಡಿದ ಮೈಗಳು ಒಂದು ದಿನ ಕೂತು ಹೊಟ್ಟೆ ತುಂಬ ತಿನ್ನುತ್ತಿವೆ. ಇದನ್ನು ಹೊಟ್ಟೆಬಾಕತನ ಅನ್ನಲು ನನ್ನ ಕೈಲಿ ಆಗುವುದಿಲ್ಲ.

ಇವನ್ನು ಕೊಳ್ಳುತ್ತಿದ್ದವರು ಯಾರು?

ಸಾಹುಕಾರರು. ಆಂಟ್ವರ್ಪ್ ಆಗ ಸುಮಾರು 1 ಲಕ್ಷ ಜನರ ಊರು, ಯುರೋಪಿನ ದೊಡ್ಡ ವ್ಯಾಪಾರಕೇಂದ್ರ. ನಿಕೋಲಾಸ್ ಯೋಂಗೆಲಿಂಕ್ ಅನ್ನುವ ವ್ಯಾಪಾರಿಯ ಹತ್ತಿರ ಬ್ರೂಗೆಲ್‌ನ 16 ಚಿತ್ರಗಳಿದ್ದವು. ಆಂಟ್ವರ್ಪ್‌ನ ನಾಣ್ಯಶಾಲೆಯ ಮುಖ್ಯಸ್ಥ ಯಾನ್ ನುವಾರೊ ತನ್ನ ಮನೆಯ ಹಿಂದಿನ ಊಟದ ಕೋಣೆಯಲ್ಲಿ ಬ್ರೂಗೆಲ್‌ನ ರೈತರ ಚಿತ್ರಗಳನ್ನು ಇಟ್ಟುಕೊಂಡಿದ್ದ. ಸಾಲ ತೀರಿಸಲಾಗದೆ ಮುಳುಗಿದಾಗ, 1572ರಲ್ಲಿ, ಅವನ ಮನೆ ಸಾಮಾನಿನ ಪಟ್ಟಿ ಮಾಡಿದರು, ಅದರಿಂದಲೇ ನಮಗೆ ಇದು ಗೊತ್ತಾಗಿದ್ದು. ಯೋಚಿಸಿ: ಸಾಹುಕಾರನ ನೆಂಟರು ತಿನ್ನುತ್ತಾ ಇರುವಾಗ ಗೋಡೆ ಮೇಲೆ ರೈತರೂ ತಿನ್ನುತ್ತಾ ಇರುತ್ತಾರೆ. ಊಟದ ಜೊತೆ ಮಾತಿಗೆ ಇದಕ್ಕಿಂತ ಒಳ್ಳೆಯ ವಿಷಯ ಇನ್ನೇನು ಬೇಕು? ಆ ಮಾತು ಒಬ್ಬರ ಬಾಯಲ್ಲಿ ಗೇಲಿ, ಇನ್ನೊಬ್ಬರ ಬಾಯಲ್ಲಿ ಮೆಚ್ಚುಗೆ ಆಗಿರಬಹುದು.

ನಗರದವರಿಗೆ ಹಳ್ಳಿ ಹಬ್ಬದ ಮೇಲೆ ಅಷ್ಟೊಂದು ಆಸೆ ಯಾಕೆ?

ಅವರೂ ಹೋಗುತ್ತಿದ್ದರು. ಕಾರಣಗಳಲ್ಲಿ ಒಂದು ಬೀರು. ನಗರದ ಗೋಡೆ ಒಳಗೆ ಬೀರಿಗೆ ಸುಂಕ ಜಾಸ್ತಿ, ಹೊರಗೆ ಹಳ್ಳಿಯಲ್ಲಿ ಅಗ್ಗ. ಆಂಟ್ವರ್ಪ್ ಪಕ್ಕದ ಹೊಬೋಕನ್‌ಗೆ ಜನ ಹೋಗುತ್ತಿದ್ದದ್ದು ಇದಕ್ಕೇ. ಹಾಗಾಗಿ ಕೆರ್ಮಿಸ್ ಚಿತ್ರಗಳಲ್ಲಿ ಒಳ್ಳೆ ಬಟ್ಟೆ ಹಾಕಿದ ನಗರದ ಜೋಡಿ ಕಂಡರೆ ಆಶ್ಚರ್ಯ ಬೇಡ.

ಅಮೆರಿಕದಲ್ಲಿರುವ 'ಮದುವೆ ಕುಣಿತ' ಚಿತ್ರದ ಕತೆ ಏನು?

ಅದು 1566ರದ್ದು, ಸುಮಾರು 125 ಜನ ಇದ್ದಾರೆ. ಡೆಟ್ರಾಯ್ಟ್ ಮ್ಯೂಸಿಯಂ 1930ರಲ್ಲಿ ಕೊಂಡಿತು. ಆಗಿನ ಗಂಡಸರು ಚಡ್ಡಿ ಮುಂದೆ ಕಟ್ಟುತ್ತಿದ್ದ ಉಬ್ಬು ಚೀಲವನ್ನು ಬ್ರೂಗೆಲ್ ಇದ್ದ ಹಾಗೆಯೇ ಬರೆದಿದ್ದ. ಆಮೇಲಿನವರಿಗೆ ಮುಜುಗರವಾಗಿ ಅದರ ಮೇಲೆ ಬಣ್ಣ ಬಳಿದಿದ್ದರು. 1941ರಲ್ಲಿ ಶುಚಿ ಮಾಡಿದಾಗ ಎಲ್ಲ ಮತ್ತೆ ಹೊರಬಂತು. 2013ರಲ್ಲಿ ಡೆಟ್ರಾಯ್ಟ್ ನಗರ ದಿವಾಳಿ ಆದಾಗ ಮ್ಯೂಸಿಯಂನ ಚಿತ್ರಗಳಿಗೆ ಬೆಲೆ ಕಟ್ಟಿಸಿದರು. ಇದೊಂದಕ್ಕೇ 10ರಿಂದ 20 ಕೋಟಿ ಡಾಲರ್ ಅಂದರು. ಪುಣ್ಯಕ್ಕೆ ಮಾರಲಿಲ್ಲ.

ಒಂದೇ ಚಿತ್ರ ಹತ್ತಾರು ಕಡೆ ಕಾಣುತ್ತದಲ್ಲ, ಯಾವುದು ಅಸಲಿ?

ಇದಕ್ಕೆ ಕಾರಣ ಮಗ, ಅವನ ಹೆಸರೂ ಪೀಟರ್ ಬ್ರೂಗೆಲ್. 1564ರಲ್ಲಿ ಹುಟ್ಟಿದ. ಅಪ್ಪ ಸತ್ತಾಗ ಇನ್ನೂ ಸಣ್ಣ ಹುಡುಗ. ದೊಡ್ಡವನಾದ ಮೇಲೆ ಆಂಟ್ವರ್ಪ್‌ನಲ್ಲಿ ದೊಡ್ಡ ಕಾರ್ಯಾಗಾರ ಇಟ್ಟು ಅಪ್ಪನ ಚಿತ್ರಗಳನ್ನು ಮತ್ತೆ ಮತ್ತೆ ಬರೆದು ಮಾರಿದ. ಕಾಗದದ ಮೇಲೆ ಗೆರೆಯುದ್ದಕ್ಕೂ ಸಣ್ಣ ತೂತು ಚುಚ್ಚಿ, ಹಲಗೆ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದರೆ ಚುಕ್ಕಿಗಳಲ್ಲಿ ಚಿತ್ರ ಇಳಿಯುತ್ತದೆ. ಆಮೇಲೆ ಬಣ್ಣ. ಹಿಮದ ಊರಿನಲ್ಲಿ ಹಕ್ಕಿ ಬಲೆ ಇರುವ ಒಂದೇ ಚಿತ್ರದ 100ಕ್ಕೂ ಹೆಚ್ಚು ಪ್ರತಿಗಳು ಸಿಕ್ಕಿವೆ. ಬಯಲಿನ ಮದುವೆ ಕುಣಿತವೂ ಹೀಗೇ ಬೇಕಾದಷ್ಟು ಕಡೆ ಇದೆ. ಇವನ್ನು ನಕಲಿ ಅಂತ ತಳ್ಳಿಹಾಕಬೇಡಿ. ಅಪ್ಪನ ಚಿತ್ರಗಳು ಸಾಹುಕಾರರ, ಅರಸರ ಮನೆ ಸೇರಿದ್ದವು. ಬ್ರೂಗೆಲ್ ಹೆಸರನ್ನು ಸಾಮಾನ್ಯ ಮಧ್ಯಮ ವರ್ಗದ ಮನೆಗಳಿಗೆ ಮುಟ್ಟಿಸಿದವನು ಈ ಮಗ.

ಎರಡನೇ ಮಗ ಯಾನ್ ಹೂವಿನ ಚಿತ್ರಗಳಿಗೆ ಹೆಸರಾದ, ಆದರೆ ಹಳ್ಳಿ ಮದುವೆಗಳನ್ನೂ ಬರೆದ. ಅವನ ಒಂದು ಮದುವೆ ಊಟದಲ್ಲಿ ಆಗಿನ ಆಳರಸರಾದ ಆಲ್ಬರ್ಟ್ ಮತ್ತು ಇಸಬೆಲ್ಲಾ ದಂಪತಿಯೇ ಕೂತಿದ್ದಾರೆ. ಮ್ಯಾಡ್ರಿಡ್‌ನ ಪ್ರಾಡೊದಲ್ಲಿದೆ. ರೈತರ ಹಬ್ಬ ಇಷ್ಟು ಹೊತ್ತಿಗೆ ಅರಸೊತ್ತಿಗೆಗೆ ಒಪ್ಪುವ ವಿಷಯವಾಗಿತ್ತು: ನಾಡು ಶಾಂತವಾಗಿದೆ, ಪ್ರಜೆಗಳು ಸುಖವಾಗಿದ್ದಾರೆ ಅಂತ ಸಾರುವ ಚಿತ್ರ.

ನಿಜವಾಗಿ ಸುಖವಾಗಿದ್ದರಾ?

ಇಲ್ಲ. 1566ರಲ್ಲಿ ಚರ್ಚುಗಳ ವಿಗ್ರಹ ಒಡೆಯುವ ದಂಗೆ, 1567ರಲ್ಲಿ ಅದನ್ನು ಅಡಗಿಸಲು ಸ್ಪೇನಿನ ಸೈನ್ಯದ ಜೊತೆ ಬಂದ ಸೇನಾಪತಿ ಆಲ್ಬಾ ಡ್ಯೂಕ್, ಆಮೇಲೆ ದಶಕಗಟ್ಟಲೆ ಯುದ್ಧ. ಬ್ರೂಗೆಲ್ ಮದುವೆ, ಕುಣಿತ ಬರೆದದ್ದು ಸರಿಯಾಗಿ ಈ ವರ್ಷಗಳಲ್ಲೇ. ಸೈನಿಕರು ಹಳ್ಳಿಗೆ ನುಗ್ಗಿ ಇದ್ದದ್ದನ್ನೆಲ್ಲ ತಿಂದು ದೋಚುತ್ತಿದ್ದರು. ಮೆಕೆಲೆನ್‌ನಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮ್ ಸೇರಿದ ಡೇವಿಡ್ ವಿಂಕ್‌ಬೋನ್ಸ್ ಇದನ್ನೇ ಜೋಡಿ ಚಿತ್ರ ಮಾಡಿದ: 'ರೈತರ ದುಃಖ', 'ರೈತರ ಸಂತೋಷ'. ಮೊದಲನೆಯದರಲ್ಲಿ ಸೈನಿಕರು ಮನೆ ಹೊಕ್ಕಿದ್ದಾರೆ. ಎರಡನೆಯದರಲ್ಲಿ ರೈತರು ಅವರನ್ನು ಹೊಡೆದು ಓಡಿಸುತ್ತಿದ್ದಾರೆ. ಎರಡೂ ರೈಕ್ಸ್‌ಮ್ಯೂಸಿಯಂನಲ್ಲಿವೆ. ಹಬ್ಬದ ಚಿತ್ರಗಳನ್ನು ನೋಡುವವರು ಇವನ್ನೂ ನೋಡಬೇಕು ಅಂತ ನನ್ನ ಒತ್ತಾಯ. ತುಂಬಿದ ಕಣಜ ಎಂಥ ದೊಡ್ಡ ವಿಷಯ ಅನ್ನುವುದು ಆಗ ಅರ್ಥವಾಗುತ್ತದೆ.

ರೂಬೆನ್ಸ್ ಕೂಡ ಇಂಥದ್ದು ಬರೆದಿದ್ದಾನಾ?

ಆಂಟ್ವರ್ಪ್‌ನ ಹೆಸರಾಂತ ಚಿತ್ರಕಾರ ರೂಬೆನ್ಸ್ ಕೂಡ ಬರೆದಿದ್ದಾನೆ, ಅದೂ ಅದ್ಭುತವಾಗಿ. ಅವನು 1635ರಲ್ಲಿ ಎಲೆವೈಟ್ ಅನ್ನುವ ಊರಿನಲ್ಲಿ ಹಳ್ಳಿಮನೆ ಕೊಂಡ. ಅದೇ ಸುಮಾರಿಗೆ ಬರೆದ 'ಕೆರ್ಮೆಸ್' ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ, ಎರಡೂವರೆ ಮೀಟರಿಗಿಂತ ಅಗಲ. ಬ್ರೂಗೆಲ್‌ನ ಜನ ನೆಲಕ್ಕೆ ಕಾಲೂರಿ ನಿಂತವರು. ರೂಬೆನ್ಸ್‌ನ ಜನ ಸುಳಿಗೆ ಸಿಕ್ಕಂತೆ ಸುತ್ತುತ್ತಾರೆ, ಎಳೆದಾಡುತ್ತಾರೆ, ಮಗುವಿಗೆ ಹಾಲೂಡಿಸುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮುಖ ನೆನಪಿರುವುದಿಲ್ಲ, ಓಟ ನೆನಪಿರುತ್ತದೆ.

ಬ್ರೌವರ್, ಟೆನಿಯರ್ಸ್ ಬಗ್ಗೆ?

ಆಡ್ರಿಯಾನ್ ಬ್ರೌವರ್ ಬರೆದದ್ದು ಹಬ್ಬಕ್ಕಿಂತ ಹೆಚ್ಚಾಗಿ ಹೆಂಡದ ಮನೆ: ಸಣ್ಣ ಹಲಗೆ, ಕಂದು ಬಣ್ಣ, ತಂಬಾಕಿನ ಹೊಗೆ, ಇಸ್ಪೀಟ್ ಜಗಳ. 1638ರಲ್ಲಿ, ಮೂವತ್ತು ದಾಟಿದ ಸ್ವಲ್ಪದರಲ್ಲೇ ಸತ್ತ. ಅವನ 17 ಚಿತ್ರಗಳನ್ನು ರೂಬೆನ್ಸ್ ಕೂಡಿಟ್ಟಿದ್ದ, ಬೇರೆ ಪ್ರಶಸ್ತಿ ಬೇಕಿಲ್ಲ.

ಡೇವಿಡ್ ಟೆನಿಯರ್ಸ್ 1637ರಲ್ಲಿ ಯಾನ್ ಬ್ರೂಗೆಲ್‌ನ ಮಗಳು ಆನ್ನಾಳನ್ನು ಮದುವೆಯಾದ. ಅಂದರೆ ಹಿರಿಯ ಬ್ರೂಗೆಲ್‌ನ ಮೊಮ್ಮಗಳ ಗಂಡ. 1651ರಲ್ಲಿ ಬ್ರಸೆಲ್ಸ್‌ನಲ್ಲಿ ಆಸ್ಥಾನ ಚಿತ್ರಕಾರನಾದ. ಅವನ ಕೆರ್ಮಿಸ್‌ಗಳು ಚೊಕ್ಕಟ, ಆಕಾಶ ತಿಳಿ, ರೈತರು ಶಿಸ್ತಾಗಿ ಕುಣಿಯುತ್ತಾರೆ, ಪಕ್ಕದಲ್ಲಿ ಸಿರಿವಂತರು ನಿಂತು ನೋಡುತ್ತಾರೆ. ಬಣ್ಣದ ಕೈಚಳಕ ದೊಡ್ಡದು. ಆದರೆ ಇಲ್ಲಿ ಯಾರಿಗೂ ಹಸಿವಿಲ್ಲ. ನೂರು ವರ್ಷದಲ್ಲಿ ನೋಟ ಎಷ್ಟು ಬದಲಾಯಿತು ಅನ್ನುವುದಕ್ಕೆ ಹಿರಿಯ ಬ್ರೂಗೆಲ್‌ನ 'ರೈತರ ಮದುವೆ'ಯನ್ನೂ ಟೆನಿಯರ್ಸ್‌ನ ಒಂದು ಕೆರ್ಮಿಸ್‌ನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಯೊರ್ಡಾನ್ಸ್‌ನ 'ರಾಜ ಕುಡಿಯುತ್ತಾನೆ' ಇದೇ ಸಾಲಿಗೆ ಸೇರುತ್ತದಾ?

ಯೊರ್ಡಾನ್ಸ್ ಆಂಟ್ವರ್ಪ್‌ನ ಚಿತ್ರಕಾರ, ಅವನ ಆ ಚಿತ್ರ ಇವಕ್ಕೆ ಹತ್ತಿರದ ನೆಂಟ. ಆದರೆ ಅದು ಏಸುವನ್ನು ನೋಡಲು ಬಂದ ಮೂವರು ರಾಜರ ಹೆಸರಲ್ಲಿ ಜನವರಿಯಲ್ಲಿ ಮಾಡುವ ಹಬ್ಬಕ್ಕೆ ನಗರದ ಮನೆಯೊಳಗೆ ನಡೆಯುವ ಔತಣ. ಕೇಕಿನಲ್ಲಿ ಅಡಗಿಸಿದ ಕಾಳು ಯಾರಿಗೆ ಸಿಗುತ್ತದೋ ಅವರು ಆ ಹೊತ್ತಿಗೆ ರಾಜ. ರೈತರಿಲ್ಲ.

ಇವನ್ನೆಲ್ಲ ಎಲ್ಲಿ ನೋಡಬಹುದು?

ವಿಯೆನ್ನಾ ಮೊದಲು. ಬ್ರೂಗೆಲ್‌ನ 12 ಚಿತ್ರಗಳು ಒಂದೇ ಮ್ಯೂಸಿಯಂನಲ್ಲಿವೆ, ಜಗತ್ತಿನಲ್ಲಿ ಬೇರೆಲ್ಲೂ ಇಷ್ಟಿಲ್ಲ. ಹ್ಯಾಬ್ಸ್‌ಬರ್ಗ್ ಮನೆತನದವರು ಆಸೆಪಟ್ಟು ಕೂಡಿಸಿದ್ದರ ಫಲ ಇದು. 'ರೈತರ ಮದುವೆ'ಯನ್ನು ಆ ಮನೆತನದ ಆರ್ಚ್‌ಡ್ಯೂಕ್ (ರಾಜಕುಮಾರ) ಅರ್ನ್ಸ್ಟ್ 1594ರಲ್ಲಿ ಕೊಂಡಿದ್ದ. ಬ್ರಸೆಲ್ಸ್, ಆಂಟ್ವರ್ಪ್ ಮ್ಯೂಸಿಯಂಗಳಲ್ಲಿ ಮಗ ಬ್ರೂಗೆಲ್, ಟೆನಿಯರ್ಸ್, ಯೊರ್ಡಾನ್ಸ್ ಚೆನ್ನಾಗಿ ಸಿಗುತ್ತಾರೆ. ಪ್ರಾಡೊದಲ್ಲಿ ಟೆನಿಯರ್ಸ್ ರಾಶಿ ಇದೆ.

ಅಷ್ಟು ದೂರ ಹೋಗಲು ಆಗದಿದ್ದರೆ ಬೇಜಾರಿಲ್ಲ. ವಿಯೆನ್ನಾ ಮ್ಯೂಸಿಯಂ 2018ರಲ್ಲಿ ದೊಡ್ಡ ಬ್ರೂಗೆಲ್ ಪ್ರದರ್ಶನ ಮಾಡಿದಾಗ 'ಇನ್‌ಸೈಡ್ ಬ್ರೂಗೆಲ್' ಅನ್ನುವ ಜಾಲತಾಣ ತೆರೆಯಿತು. ಒಂದೊಂದು ಚಿತ್ರವನ್ನೂ ಬಣ್ಣದ ಬಿರುಕು ಕಾಣುವವರೆಗೆ ಹಿಗ್ಗಿಸಬಹುದು, ಎಕ್ಸ್‌ರೇ ಕೂಡ ನೋಡಬಹುದು. ಫೋನ್ ಬೇಡ, ದೊಡ್ಡ ಪರದೆಯಲ್ಲಿ ನೋಡಿ. ಒಂದೇ ಸಲಕ್ಕೆ ಎಲ್ಲ ನೋಡಲು ಹೋಗಬೇಡಿ. ಒಂದು ಚಿತ್ರ ಹಿಡಿದು ಎಡಗಡೆ ತುದಿಯಿಂದ ಶುರುಮಾಡಿ, ಮೊದಲು ಕೈಗಳನ್ನು ಮಾತ್ರ ನೋಡುತ್ತಾ ಹೋಗಿ, ಆಮೇಲೆ ಪಾತ್ರೆಗಳನ್ನು, ಕೊನೆಗೆ ಮುಖಗಳನ್ನು.